ಹತ್ತಲು ಒಂದು ಐವತ್ತು, ಇಳಿಯಲು ಎರಡು ನಲವತ್ತು

ನಮ್ಮೂರು ಹೋಫ್‌ಮಾಟ್‌ನ ಬಸ್ ನಿಲ್ದಾಣದ ಪಕ್ಕದ ಹಳದಿ ಫಲಕವನ್ನು ನಂಬಿ ಕೆಟ್ಟವರ ಹೆಸರು ಬರೆಯಲು ಕೂತರೆ ಒಂದು ಚಳಿಗಾಲವೇ ಬೇಕು. ಅದರಲ್ಲಿ ಇರುವುದು ಇಷ್ಟೇ: ‘ಗಾಲ್ಮೆನ್, 1 ಗಂಟೆ 50 ನಿಮಿಷ.’ ಗಾಲ್ಮೆನ್ ಎಂದರೆ ಬೇಸಿಗೆಯಲ್ಲಿ ನಮ್ಮ ದನ ಮೇಯುವ ಮೇಲಿನ ಹುಲ್ಲುಗಾವಲು. ಹೊಸ ಬೂಟು ಹಾಕಿ, ಎರಡೆರಡು ಕೋಲು ಹಿಡಿದು ಎದೆಯುಬ್ಬಿಸಿ ಹೊರಟ ಬಯಲುಸೀಮೆಯವರು ಎರಡೂಮುಕ್ಕಾಲು ಗಂಟೆಯ ಮೇಲೆ ನಾಲಿಗೆ ಹೊರಹಾಕಿಕೊಂಡು ಅಲ್ಲಿಗೆ ಮುಟ್ಟುತ್ತಾರೆ. ಮುಟ್ಟಿದ ಮೇಲೆ ಅಲ್ಲೊಂದು ಫಲಕ ಕಾದಿರುತ್ತದೆ: ‘ಹೋಫ್‌ಮಾಟ್, 2 ಗಂಟೆ 40 ನಿಮಿಷ.’ ಹತ್ತಲು ಒಂದು ಐವತ್ತು, ಇಳಿಯಲು ಎರಡು ನಲವತ್ತು. ಇಂಥ ಬೆಟ್ಟ ಆಲ್ಪ್ಸ್ ಉದ್ದಕ್ಕೂ ಹುಡುಕಿದರೂ ಇನ್ನೊಂದು ಸಿಕ್ಕದು.

ಊರಿನವರು ಇದಕ್ಕೆ ನಾನಾ ಕಾರಣ ಕೊಡುತ್ತಿದ್ದರು. ಸ್ವರ್ಗದ ಕಡೆ ಹೊರಟವನ ಕಾಲು ಹಗುರವಾಗುತ್ತದೆ ಎಂದು ಪಾದ್ರಿ. ಇಳಿಜಾರಿನಲ್ಲಿ ಮಂಡಿ ತಡೆಯುತ್ತದೆ ಎಂದು ಶಾಲೆಯ ಮಾಸ್ತರು. ಇಬ್ಬರೂ ಹೇಳಿದ್ದು ಸುಳ್ಳೇ, ಪಾದ್ರಿ ಸ್ವಲ್ಪ ಚೆನ್ನಾಗಿ ಹೇಳುತ್ತಿದ್ದರು. ನಿಜ ಏನೆಂದು ಬಲ್ಲವನು ತಾನೊಬ್ಬನೇ ಎಂದು ಅಮಾಂಡುಸ್ ನಂಬಿದ್ದ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ಆ ನಂಬಿಕೆಯಲ್ಲೇ ನಲವತ್ತೊಂದು ವರ್ಷ ಕಳೆದಿದ್ದ.

ಅಮಾಂಡುಸ್ ನಮ್ಮ ದಾರಿ ಮೇಸ್ತ್ರಿ. ಬಂಡೆಗಳ ಮೇಲೆ ಬಿಳಿ-ಕೆಂಪು-ಬಿಳಿ ಪಟ್ಟೆ ಬಳಿಯುವುದು, ಮುರಿದ ಫಲಕಕ್ಕೆ ಮೊಳೆ ಹೊಡೆಯುವುದು ಅವನ ಕೆಲಸ. ಅರವತ್ತೇಳು ವಯಸ್ಸು, ಎಡ ಮಂಡಿ ಕೈಕೊಟ್ಟಿದೆ. ಬೆಳಗಿನ ಬಸ್ಸು ಬರುವ ಹೊತ್ತಿಗೆ ನೀರಿನ ತೊಟ್ಟಿಯ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾನೆ. ಇಳಿದವರಿಗೆ ಯಾವ ದಾರಿ ಎಂದು ಆರಿಸಿಕೊಡುವುದು ಅವನೇ. ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ.

“ಬೂಟು ಹೊಸದಾ? ಹಾಗಿದ್ರೆ ಕಾಲುವೆ ದಾರಿ ಹಿಡೀರಿ. ಮಕ್ಕಳ ಗಾಡಿ ತಳ್ಕೊಂಡು ಹೋಗ್ತಾರಲ್ಲ, ಅವರ ಹಿಂದೇನೇ ಹೋಗಿ. ಏನೂ ಆಗಲ್ಲ ನಿಮಗೆ.”

“ನಮಗೆ ಸ್ವಲ್ಪ ಕಷ್ಟದ್ದೇ ಬೇಕು ಯಜಮಾನ್ರೇ.”

“ಕಷ್ಟದ್ದು ಬೇಕು ಅಂದವ್ರನ್ನೆಲ್ಲ ಹೆಲಿಕಾಪ್ಟರ್‌ನಲ್ಲೇ ಇಳಿಸಿದ್ದು. ನಿಮ್ಮ ಮನೆಯವ್ರು ಬಸ್ಸಿಳಿದಾಗಿಂದ ನಿಮ್ಮ ಜತೆ ಮಾತಾಡಿಲ್ಲ. ಅಂಥಾ ದಿನ ಪ್ರಪಾತದ ಅಂಚಿನ ದಾರಿ ಬೇಡ. ಕಾಡಿನ ದಾರಿ ಹಿಡೀರಿ.”

ಯಾರಾದರೂ ಗಾಲ್ಮೆನ್ ಹೆಸರೆತ್ತಿದರೆ ಮಾತ್ರ ಅವನ ಮುಖ ಹುಳ್ಳಗಾಗುತ್ತಿತ್ತು. “ಅಲ್ಲೇನಿದೆ? ದನ ಇದೆ, ಸಗಣಿ ಇದೆ. ನಿಮ್ಮೂರಲ್ಲಿ ಇಲ್ವಾ?”

ಅಲ್ಲಿ ಇದ್ದದ್ದು ರೊಸಾಲಿಯಾ. ನಲವತ್ತೊಂದು ವರ್ಷದ ಹಿಂದೆ ಹಳದಿ ಫಲಕಗಳು ಮೊದಲು ಬಂದಾಗ ಪಂಚಾಯ್ತಿಯವರು ಇಪ್ಪತ್ತಾರರ ಅಮಾಂಡುಸ್ ಕೈಗೆ ಗಡಿಯಾರ, ನೋಟ್‌ಬುಕ್ ಕೊಟ್ಟು, ಹದಿನಾಲ್ಕು ದಾರಿಯನ್ನೂ ನಡೆದು ಹೊತ್ತು ಬರೆದುಕೊಂಡು ಬಾ ಎಂದಿದ್ದರು. ಹದಿಮೂರು ದಾರಿಯನ್ನು ಒಂದೊಂದು ಸಲ ನಡೆದ. ಗಾಲ್ಮೆನ್‌ಗೆ ಹನ್ನೊಂದು ಸಲ ಹೋದ. ಆ ಬೇಸಿಗೆ ಅಲ್ಲಿ ಹಾಲು ಕರೆಯಲು ರೊಸಾಲಿಯಾ ಬಂದಿದ್ದಳು. ಹೋಗುವಾಗ ಓಡುತ್ತಿದ್ದ. ಬರುವಾಗ ತಿರುವಿಗೊಂದು ಕಲ್ಲು ಹುಡುಕಿ ಕೂತು ಮೇಲಿನ ಗುಡಿಸಲಿನ ಹೊಗೆ ನೋಡುತ್ತಿದ್ದ. ಹನ್ನೊಂದು ಸಲದ ಸರಾಸರಿ ತೆಗೆದು ಬರೆದುಕೊಟ್ಟ. ಒಂದು ನಿಮಿಷವೂ ಸುಳ್ಳು ಬರೆಯಲಿಲ್ಲ, ಅದೇ ಅವನ ಗ್ರಹಚಾರ. ಚಳಿಗಾಲ ಬರುವ ಮುನ್ನವೇ ರೊಸಾಲಿಯಾ ಪಕ್ಕದ ಕಣಿವೆಯ ಚೀಸ್ ಮಾಡುವವನೊಬ್ಬನನ್ನು ಮದುವೆಯಾದಳು. ಎರಡು ವರ್ಷದ ಮೇಲೆ ಅಮಾಂಡುಸ್, ನಮ್ಮೂರ ನೆತ್ತಿಯ ಮೇಲಿರುವ ಎಗ್ಗ ಎಂಬ ನಾಲ್ಕು ಮನೆಯ ಕೊಪ್ಪಲಿನ ಫಿಲೊಮೆನಾಳನ್ನು ಕಟ್ಟಿಕೊಂಡ. ಮೂವತ್ತೊಂಬತ್ತು ವರ್ಷ ಸಂಸಾರ ನಡೆಯಿತು. ಅವನಿಗಿದ್ದ ಭಯ ಒಂದೇ: ಆ ಫಲಕದ ಕಥೆ ಫಿಲೊಮೆನಾಗೆ ಗೊತ್ತಾಗಬಾರದು. ಅವಳ ನಾಲಿಗೆಯ ಹರಿತ ಬಲ್ಲವರಿಗೆ ಈ ಭಯ ಹೆಚ್ಚಾಯಿತು ಅನ್ನಿಸದು.

ಆ ಜುಲೈನಲ್ಲಿ ಬಯಲುಸೀಮೆಯ ಹೆಂಗಸೊಬ್ಬಳು ಕೊನೆಯ ಬಸ್ಸು ತಪ್ಪಿಸಿಕೊಂಡು, ಹೋಫ್‌ಮಾಟ್‌ನ ಫಲಕಗಳೆಲ್ಲ ಬರೀ ಸುಳ್ಳು ಎಂದು ಕಣಿವೆಯ ಕೆಳಗಿನ ಪಟ್ಟಣದ ಕಚೇರಿಗೆ ನಾಲ್ಕು ಪುಟ ಬರೆದಳು. ಕಾಲಿನ ಬೊಬ್ಬೆಗಳನ್ನು ಒಂದೊಂದಾಗಿ ವರ್ಣಿಸಿದವಳು ಯಾವ ದಾರಿ ಎಂದು ಬರೆಯುವುದನ್ನೇ ಮರೆತಿದ್ದಳು. ಪರಿಶೀಲನೆಗೆ ಸಿಲ್ವಾನ್ ಎಂಬ ಇನ್ಸ್‌ಪೆಕ್ಟರ್ ಬಂದ. ಮೂವತ್ತರ ಹುಡುಗ, ಮೇಕೆಯ ಕಾಲು, ಮಣಿಕಟ್ಟಿನ ಮೇಲೆ ಊಟದ ಡಬ್ಬಿಯಷ್ಟು ದಪ್ಪದ ಗಡಿಯಾರ.

ಅಮಾಂಡುಸ್ ಮನೆಯ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಅವನು ಹೇಳಿದ, “ಹದಿನಾಲ್ಕೂ ನಡೆಯೋಕೆ ನನಗೆ ಪುರುಸೊತ್ತಿಲ್ಲ ಯಜಮಾನ್ರೇ. ಒಂದು ದಾರಿ ಆರಿಸಿ. ಅದು ಸರಿ ಇದ್ರೆ ಎಲ್ಲದಕ್ಕೂ ಸಹಿ ಹಾಕಿ ಹೋಗ್ತೀನಿ.”

ಅಮಾಂಡುಸ್‌ಗೆ ಹೋದ ಜೀವ ಬಂತು. “ಎಗ್ಗಕ್ಕೆ ಹೋಗೋಣ. ನಲವತ್ತೈದು ನಿಮಿಷ ಅಂತಿದೆ. ನಿಮ್ಮ ಗಡಿಯಾರನೂ ಅಷ್ಟೇ ಹೇಳ್ದಿದ್ರೆ ಕೇಳಿ.”

ಒಲೆಯ ಕಡೆ ತಿರುಗಿದ್ದ ಫಿಲೊಮೆನಾ ತಿರುಗದೆಯೇ ಹೇಳಿದಳು, “ಗಾಲ್ಮೆನ್‌ಗೆ ಕರ್ಕೊಂಡು ಹೋಗು.”

“ಅಲ್ಲೇನಿದೆ?”

“ದನ ಇದೆ, ಸಗಣಿ ಇದೆ. ಮಜ್ಜಿಗೇನೂ ಚೆನ್ನಾಗಿರತ್ತಂತೆ. ನಾನೂ ಬರ್ತೀನಿ.”

ಮದುವೆಯಾದ ಮೇಲೆ ಒಂದು ದಿನವೂ ಅವಳು ಗಾಲ್ಮೆನ್ ಕಡೆ ಕಾಲಿಟ್ಟಿರಲಿಲ್ಲ. ಅಮಾಂಡುಸ್ ಮಂಡಿ ನೋವೆಂದ. ಮೋಡ ಕವಿದಿದೆ ಎಂದ, ಆಕಾಶ ತೊಳೆದಿಟ್ಟಂತೆ ಇತ್ತು. ಕಳೆದ ವಾರ ಅಲ್ಲೊಂದು ಹೋರಿ ಯಾರನ್ನೋ ಅಟ್ಟಿಸಿಕೊಂಡು ಬಂತು ಎಂದ. “ಹೋರಿಗೂ ಹಳೇ ನೆನಪು ಇರತ್ತೇನೋ,” ಎಂದ ಫಿಲೊಮೆನಾ ರೈ ರೊಟ್ಟಿ, ಒಣಮಾಂಸ, ಚೀಸ್ ಚೀಲಕ್ಕೆ ತುಂಬಿ ಬಾಗಿಲಲ್ಲಿ ನಿಂತಳು.

ದಾರಿಯುದ್ದಕ್ಕೂ ಅವಳೇ ಮುಂದೆ. ಸಿಲ್ವಾನ್ ಗಡಿಯಾರ ನೋಡುತ್ತ ನಡುವೆ. ಅಮಾಂಡುಸ್ ಕೊನೆಗೆ. ಹಿಂದೆ ತಾನು ಕೂತು ನಿಟ್ಟುಸಿರು ಬಿಟ್ಟ ಕಲ್ಲುಗಳೆಲ್ಲ ಒಂದೊಂದಾಗಿ ಎದುರಾಗುತ್ತಿದ್ದವು. ಒಂದರ ಮೇಲಾದರೂ ಕೂರೋಣವೆಂದರೆ ಧೈರ್ಯ ಸಾಲಲಿಲ್ಲ. ಸಿಲ್ವಾನ್‌ನ ಗಡಿಯಾರ ಗುಡಿಸಲಿನ ಮುಂದೆ ಟಿಂಗ್ ಎಂದಾಗ ಎರಡು ಗಂಟೆ ನಲವತ್ತೈದು ನಿಮಿಷ ಆಗಿತ್ತು.

ಗುಡಿಸಲಿನ ಮುಂದೆ ರೊಸಾಲಿಯಾ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಪ್ರತಿ ಬೇಸಿಗೆ ಗಂಡನ ದನಗಳ ಜತೆ ಬರುತ್ತಾಳೆ. ದನ ಹತ್ತುವ ಮೊದಲೇ ಅಲ್ಲಿನ ಬಣ್ಣ ಬಳಿದು ಮುಗಿಸುವ ಅಮಾಂಡುಸ್ ಅಷ್ಟು ವರ್ಷ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಬಾಗಿಲು ತುಂಬುವ ಹೆಂಗಸು, ಮೀಸೆಯೂ ಚೂರು ಬಂದಿದೆ. ಮೂವರಿಗೂ ಕೇಳದೆಯೇ ಮಜ್ಜಿಗೆ ತಂದಿಟ್ಟಳು.

ಸಿಲ್ವಾನ್ ಇಳಿಯುವ ದಾರಿಯ ಫಲಕ ನೋಡಿದ, ತನ್ನ ನಕ್ಷೆ ನೋಡಿದ, ನಕ್ಕ. “ಅರ್ಥ ಆಯ್ತು ಬಿಡಿ. ಇಳಿಯೋಕೆ ಒಂದು ಐವತ್ತು ಆಗ್ಬೇಕು. ಅಂಕಿ ಅದಲುಬದಲಾಗಿವೆ, ಅಷ್ಟೇ ತಾನೇ?”

ದೇವರೇ ಬಂದು ಹಿತ್ತಿಲ ಬಾಗಿಲು ತೆರೆದಿಟ್ಟಿದ್ದ. ಹೌದು ಸ್ವಾಮಿ ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಎರಡು ಡಬ್ಬಿ ಬಣ್ಣದಲ್ಲಿ ಕಥೆ ಮುಗಿಯುತ್ತಿತ್ತು. ಆದರೆ ನಮ್ಮೂರ ಗಂಡಸರ ಹಣೆಬರಹವೇ ಹೀಗೆ. ಹೆಂಡತಿಗೆ ಸುಳ್ಳು ಹೇಳಿ ಅರಗಿಸಿಕೊಂಡಾರು, ಕೆಲಸದಲ್ಲಿ ತಪ್ಪಿದ್ದೇನೆ ಎಂದು ಮಾತ್ರ ಸತ್ತರೂ ಒಪ್ಪರು.

“ಅದಲುಬದಲು?” ಅಮಾಂಡುಸ್ ಲೋಟ ಕುಕ್ಕಿದ. “ನನ್ನ ಕೈಯಲ್ಲಿ? ಇನ್ಸ್‌ಪೆಕ್ಟ್ರೇ, ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ತಿರುಗೋ ಕಾಲದಲ್ಲಿ ನಾನು ಈ ದಾರಿ ಅಳೆದಿದ್ದು. ಒಂದ್ಸಲ ಅಲ್ಲ, ಹನ್ನೊಂದು ಸಲ. ಹತ್ತೋಕೆ ಒಂದು ಐವತ್ತು, ಇಳಿಯೋಕೆ ಎರಡು ನಲವತ್ತು. ನಿಮಿಷ ಆಚೀಚೆ ಇಲ್ಲ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಫಿಲೊಮೆನಾ ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸಿರಲಿಲ್ಲ.

“ಹನ್ನೊಂದು ಸಲಾನಾ?” ಸಿಲ್ವಾನ್ ಕೇಳಿದ. “ಇದಕ್ಕೊಂದಕ್ಕೆ ಯಾಕೆ?”

“ಓ, ನೀನಾ ಅದು?” ರೊಸಾಲಿಯಾ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. “ಬಣ್ಣದ ಡಬ್ಬಿ ಹುಡುಗ. ಆಗ ಕೂದಲಿತ್ತು ನಿಂಗೆ, ಅದಕ್ಕೇ ಗುರುತು ಹತ್ತಲಿಲ್ಲ. ಅಯ್ಯೋ, ಇವನ ಮಜ್ಜಿಗೆ ಹುಚ್ಚು ಕೇಳ್ಬೇಡಿ. ಏದುಸಿರು ಬಿಡ್ತಾ ಓಡಿ ಬರೋನು. ನಾಲ್ಕು ಲೋಟ ಕುಡಿಯೋನು. ಬಂಡೆಗೆ ಯಾವ ಬಣ್ಣ ಹಿಡಿಯತ್ತೆ, ಯಾವುದು ಹಿಡಿಯಲ್ಲ ಅಂತ ಅರ್ಧ ಗಂಟೆ ಹೇಳಿ ಹೊರಟುಹೋಗೋನು. ನಮ್ಮಮ್ಮ ಅನ್ನೋಳು, ಪಾಪ, ಮನೇಲಿ ಹಸು ಇಲ್ಲ ಅಂತ ಕಾಣತ್ತೆ.”

ಸಿಲ್ವಾನ್ ಎಲ್ಲ ಬರೆದುಕೊಂಡ, ಮಜ್ಜಿಗೆಯನ್ನೂ ಸೇರಿಸಿ. ಅಮಾಂಡುಸ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹನ್ನೊಂದು ಸಲ ಓಡಿದ್ದ, ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಪಕ್ಕದಲ್ಲಿ ಕೂತವಳಿಗೆ.

“ಎಗ್ಗಕ್ಕೆ ಎಷ್ಟು ಸಲ ಅಳೆದೆ?” ಫಿಲೊಮೆನಾ ಕೇಳಿದಳು. ದನಿ ಏರಿರಲಿಲ್ಲ.

“ಒಂದು ಸಲ.”

“ಎಷ್ಟಾಯ್ತು?”

“ನಲವತ್ತೈದು ನಿಮಿಷ.”

“ಸರ್ಕಾರದ ಲೆಕ್ಕ ಎಷ್ಟು ಇನ್ಸ್‌ಪೆಕ್ಟ್ರೇ?”

ಸಿಲ್ವಾನ್ ನಕ್ಷೆಯ ಮೇಲೆ ಬೆರಳಾಡಿಸಿದ. “ನಲವತ್ತೈದೇ ಅಮ್ಮ. ಎಷ್ಟು ಸರಿಯಾಗಿ ಅಳೆದಿದ್ದಾರೆ ನೋಡಿ.”

“ಹೌದು, ಸರಿಯಾಗಿ,” ಎಂದಳು ಫಿಲೊಮೆನಾ. ಆಮೇಲೆ ಗಂಡನ ಕಡೆ ತಿರುಗಿದಳು. “ಮದುವೆ ದಿನ ಬಸ್ ನಿಲ್ದಾಣದ ಆ ಗಾಲ್ಮೆನ್ ಫಲಕದ ಕೆಳಗೇ ನಡ್ಕೊಂಡು ಬಂದೆ ನಾನು. ಆವತ್ತಿಗೇ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ನೀನೇ ಒಂದಿನ ಹೇಳ್ತೀಯ, ನಕ್ಕುಬಿಡೋಣ ಅಂತ ಸುಮ್ನಿದ್ದೆ. ಮಜ್ಜಿಗೆ ಕೊಟ್ಟವಳಿಗೆ ಹನ್ನೊಂದು ಸಲ ಓಡಿದ್ದೀಯ. ಹೂಂ ಅಂದವಳ ಮನೆಗೆ ಸರ್ಕಾರಿ ನಡಿಗೇಲಿ ಬಂದಿದ್ದೀಯ. ನಂಗೆ ಹೊಟ್ಟೆ ಉರಿಯತ್ತೆ ಕಣೋ, ಅಮಾಂಡುಸ್. ನಲವತ್ತು ವರ್ಷದಿಂದ ಉರೀತಿದೆ.”

ಇಳಿಯಲು ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಮನೆಗೆ ಬಂದವಳೇ ಫಿಲೊಮೆನಾ ಎರಡು ಚೀಲದಷ್ಟು ಬಟ್ಟೆಬರೆ ಗಂಟು ಕಟ್ಟಿ, ಕೋಳಿಗಳಿಗೆ ನೀರಿಟ್ಟು, ಎಗ್ಗದ ತನ್ನ ಅಪ್ಪನ ಮನೆಗೆ ಹತ್ತಿಹೋದಳು. ಹಿಮ ಬಿದ್ದರೂ ಇಳಿಯುವುದಿಲ್ಲ ಎಂದು ನೀರಿನ ತೊಟ್ಟಿಯ ಹತ್ತಿರ ನಾಲ್ಕು ಜನ ಕೇಳುವಂತೆ ಹೇಳಿಯೇ ಹೋದಳು. ಅವಳು ಹೇಳಿದರೆ ಹೇಳಿದ ಹಾಗೆ.

ಒಂದು ವಾರ ಅಮಾಂಡುಸ್ ಡಬ್ಬಿಯ ಸೂಪು ಕುಡಿದ. ಬೆಂಚಿನ ಮೇಲೆ ಕೂತರೆ ಊರವರು ಸುಮ್ಮನಿರಬೇಕಲ್ಲ. “ಮಜ್ಜಿಗೆ ತರಿಸ್ಲಾ?” ಎಂದು ಅಂಗಡಿಯವಳು. “ನಮಗೂ ಒಂದು ದಾರಿ ಆರಿಸಿಕೊಡು ಮೇಸ್ತ್ರಿ, ಹೆಂಡತಿ ವಾಪಸ್ ಬರೋ ದಾರಿ,” ಎಂದು ಬಸ್ ಡ್ರೈವರ್. ಎಂಟನೆಯ ದಿನ ಸಿಲ್ವಾನ್‌ನ ಕಾಗದ ಬಂತು. ಒಂದು ದಾರಿ ತಪ್ಪಿದ್ದರಿಂದ ಎಲ್ಲವನ್ನೂ ಮತ್ತೆ ಅಳೆಯಬೇಕು. ಹದಿಮೂರನ್ನು ಕಚೇರಿಯವರೇ ನಕ್ಷೆ ಹಿಡಿದು ಸರಿಮಾಡಿದ್ದಾರೆ, ಮೇಸ್ತ್ರಿಗಳ ಹಿರಿತನಕ್ಕೆ ಗೌರವ ಕೊಟ್ಟು ಎಗ್ಗದ್ದೊಂದನ್ನು ಅವರಿಗೇ ಬಿಟ್ಟಿದ್ದಾರೆ. ಜತೆಗೊಂದು ಫಾರಂ ಇತ್ತು: ಹತ್ತಲು ಎಷ್ಟು, ಇಳಿಯಲು ಎಷ್ಟು, ಎಷ್ಟು ಸಲ ಅಳೆಯಲಾಯಿತು.

ಮೂರನೆಯ ಪ್ರಶ್ನೆಯನ್ನು ಅಮಾಂಡುಸ್ ಬಹಳ ಹೊತ್ತು ನೋಡಿದ.

ಎಗ್ಗಕ್ಕೆ ಎರಡು ದಾರಿ. ಒಂದು ಕಾಲುವೆಯ ಪಕ್ಕದಲ್ಲಿ ಸುತ್ತಿಕೊಂಡು ಹೋಗುವ ಮಕ್ಕಳ ಗಾಡಿಯ ದಾರಿ, ಉದ್ದ ಆದರೆ ಸಪಾಟು. ಇನ್ನೊಂದು ಲಾರ್ಚ್ ಮರಗಳ ನಡುವೆ ನೇರ ಮೇಲಕ್ಕೆ, ಫಲಕದ ದಾರಿ. ಬೆಂಚಿನ ಮೇಲೆ ಕೂತು ತನ್ನ ಕಾಲನ್ನೇ ತಾನು ನೋಡಿಕೊಂಡ. ಇದೇ ಕಾಲು ಬೇರೆಯವನದಾಗಿ ಬಸ್ಸಿಳಿದಿದ್ದರೆ ಕಾಲುವೆ ದಾರಿಗೆ ಅಟ್ಟುತ್ತಿದ್ದ, ಅದರಲ್ಲಿ ಅನುಮಾನವೇ ಇಲ್ಲ. ಎದ್ದು ಲಾರ್ಚ್ ದಾರಿ ಹಿಡಿದ.

ಒಂದು ಗಂಟೆ ಇಪ್ಪತ್ತೈದು ನಿಮಿಷ ಹಿಡಿಯಿತು. ಫಿಲೊಮೆನಾ ಮನೆಯ ಮುಂದೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

“ಏನು ಬಂದಿದ್ದು?”

“ದಾರಿ ಅಳೆಯೋಕೆ.”

“ಹತ್ತುವಾಗ ಎರಡು ಕಡೆ ಕೂತೆ ನೀನು.”

“ಮೂರು ಕಡೆ. ಒಂದು ಮರದ ಹಿಂದೆ, ನಿಂಗೆ ಕಂಡಿಲ್ಲ.”

“ಬರ್ಕೊಂಡು ಹೋಗು. ಒಂದು ಸಲ ಅಳೆದ್ರೆ ಸಾಕಲ್ಲ ನಮ್ಮ ಕಡೆಗೆ.”

“ಹನ್ನೆರಡು ಸಲ ಅಳೀತೀನಿ,” ಎಂದ ಅಮಾಂಡುಸ್.

ಅವಳು ಅವನ ಮಂಡಿ ನೋಡಿದಳು, ಮುಖ ನೋಡಿದಳು, ಮತ್ತೆ ಆಲೂಗಡ್ಡೆ ನೋಡಿದಳು. “ಹುಚ್ಚ,” ಎಂದಳು. ನೀರು ಕೊಡಲಿಲ್ಲ.

ಎರಡನೆಯ ದಿನ ನೀರು ಕೊಟ್ಟಳು. ಮೂರನೆಯ ದಿನ ಅವನೂ ಬಾಯಿ ಬಿಟ್ಟ. ಗಾಲ್ಮೆನ್‌ನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ನಾಲ್ಕು ಲೋಟ ಮಜ್ಜಿಗೆ ಕುಡಿದ ರಾತ್ರಿಗಳ ಹೊಟ್ಟೆನೋವನ್ನೂ ಬಿಡದೆ, ಹೇಳಿದ. ಅವಳು ನಗಲಿಲ್ಲ, ಆದರೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಐದನೆಯ ದಿನ ಮಳೆ. ಅವತ್ತೂ ಹತ್ತಿದ. ಆರನೆಯ ದಿನ ಮಂಡಿ ಊದಿ ಬನ್ನಿನಂತಾಗಿ ಎರಡು ದಿನ ಮಲಗಿದ. ಅದರ ಮರುದಿನ ಅಂಗಡಿಯವಳ ಮಗಳ ಕೈಯಲ್ಲಿ ಎಗ್ಗದಿಂದ ಒಂದು ಡಬ್ಬಿ ಮುಲಾಮು ಬಂತು. ಜತೆಗೆ ಮಾತೇನೂ ಬಂದಿರಲಿಲ್ಲ. ಹಚ್ಚಿಕೊಂಡು ಮತ್ತೆ ಹೊರಟ. ಹೊಸ ಬೂಟಿನವರು ಅವನನ್ನು ದಾಟಿಕೊಂಡು ಹೋಗುತ್ತ, “ನಿಧಾನ ಯಜಮಾನ್ರೇ, ಕಾಲುವೆ ದಾರಿ ಸುಲಭ ಇದೆಯಂತೆ,” ಎಂದು ಬುದ್ಧಿ ಹೇಳುತ್ತಿದ್ದರು. ಅವನ ಜನ್ಮದಲ್ಲಿ ಇಷ್ಟು ಅವಮಾನ ಆಗಿರಲಿಲ್ಲ. ಸಹಿಸಿಕೊಂಡ.

ಹನ್ನೆರಡನೆಯ ಸಲ ಮೇಲೆ ಮುಟ್ಟಿದಾಗ ಸೆಪ್ಟೆಂಬರ್. ಮೇಜಿನ ಮೇಲೆ ಎರಡು ತಟ್ಟೆ ಇತ್ತು. ಅಮಾಂಡುಸ್ ಫಾರಂ ಬಿಡಿಸಿ, ಹನ್ನೆರಡರ ಸರಾಸರಿ ತೆಗೆದು, ಹತ್ತಲು ಒಂದು ಗಂಟೆ ಇಪ್ಪತ್ತು ಎಂದು ಬರೆದ.

“ಇಳಿಯೋಕೆ?” ಕೇಳಿದಳು ಫಿಲೊಮೆನಾ.

“ಅದನ್ನ ಅಳೆದಿಲ್ಲ.”

“ನಾನು ಅಳೆದಿದ್ದೀನಿ.” ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದು ಹಿಂಬದಿ ತಿರುಗಿಸಿದಳು. ಪೆನ್ಸಿಲಿನಲ್ಲಿ ಹನ್ನೊಂದು ಸಾಲು. ಅವನು ಅಂಗಳ ಬಿಟ್ಟ ಹೊತ್ತು, ಕೆಳಗೆ ತಮ್ಮ ಮನೆಯ ಚಿಮಣಿಯಲ್ಲಿ ಹೊಗೆ ಎದ್ದ ಹೊತ್ತು. ಮೊದಲನೆಯ ದಿನ ಐವತ್ತು ನಿಮಿಷ. ಐದನೆಯ ದಿನ ಒಂದು ಗಂಟೆ ಮೂವತ್ತು. ಹನ್ನೊಂದನೆಯ ದಿನ ಎರಡು ಗಂಟೆ ಹತ್ತು.

“ಪ್ರತಿ ತಿರುವಲ್ಲೂ ನೀನು ಕೂತ್ಕೊಂಡು ಮೇಲೆ ನೋಡ್ತಿದ್ದೆ,” ಎಂದಳು.

“ಮಂಡಿ ನೋವು.”

“ಹೂಂ. ಮಂಡಿ.” ಪೆನ್ನು ಅವನ ಕೈಯಿಂದ ಕಿತ್ತುಕೊಂಡು ಸರಾಸರಿ ತಾನೇ ಬರೆದಳು: ಇಳಿಯಲು ಒಂದು ಗಂಟೆ ನಲವತ್ತು. “ಕೂತ್ಕೋ, ತಣ್ಣಗಾಗತ್ತೆ.”

ಆ ಫಾರಂ ಕಚೇರಿಗೆ ಹೋಯಿತು. ಅಂಕಿ ಅದಲುಬದಲಾಗಿರಬಹುದೇ ಎಂದು ಸಿಲ್ವಾನ್ ಒಂದಲ್ಲ, ಎರಡು ಕಾಗದ ಬರೆದ. ಹನ್ನೆರಡು ಸಲ ಅಳೆದದ್ದು, ಸಾಕ್ಷಿ ಸಮೇತ ಇದೆ ಎಂದು ಪಂಚಾಯ್ತಿ ಉತ್ತರ ಕೊಟ್ಟಿತು. ಈಗ ಗಾಲ್ಮೆನ್‌ನ ಫಲಕ ನಿಮಿಷಕ್ಕೆ ನಿಮಿಷ ಸರಿಯಿದೆ. ಎಗ್ಗದ್ದನ್ನು ನಂಬಿದವರು ಬೇಗ ಮುಟ್ಟಿ, ಬೇಗ ಇಳಿದು, ಬಸ್ಸಿಗೆ ಒಂದೂವರೆ ಗಂಟೆ ಕಾಯುತ್ತ ನಮ್ಮನ್ನು ಬೈಯುತ್ತಾರೆ. ಫಿಲೊಮೆನಾ ಹಿಮಕ್ಕೆ ಮೊದಲೇ ಇಳಿದು ಬಂದಳು. ಶನಿವಾರ ಶನಿವಾರ ಅಂಗಡಿಗೆ ಹೋಗುವ ದಾರಿಯಲ್ಲಿ ಎಗ್ಗದ ಫಲಕದ ಧೂಳನ್ನು ಏಪ್ರನ್ ತುದಿಯಿಂದ ಒರೆಸಿ ಹೋಗುತ್ತಾಳೆ. ಉಳಿದ ಹದಿಮೂರನ್ನು ಮುಟ್ಟುವುದಿಲ್ಲ.